‘ಡಾಕ್ಟರ್ ಹೂ’ 50ರ ವಿಶೇಷ ಕಂತು: ಆ ಮೇಜಿನ ದೃಶ್ಯದ ಬಗ್ಗೆ ಮಾತಾಡೋಣ

ನೀಲಿಪೆಟ್ಟಿಗೆ, ಕುಂಬಳೆ

ನಿನ್ನೆ ರಾತ್ರಿ ‘ದಿ ಡೇ ಆಫ್ ದ ಡಾಕ್ಟರ್’ ಮತ್ತೆ ನೋಡಿದೆ. ಎಷ್ಟನೇ ಸಲ ಅಂತ ಲೆಕ್ಕ ಇಟ್ಟಿಲ್ಲ. ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ, ನಾನು ಕಥೆಯನ್ನೆಲ್ಲ ಹೇಳಿಬಿಡುತ್ತೇನೆ.

ಹೊಸಬರಿಗಾಗಿ ಎರಡು ಮಾತು. ಬಿಬಿಸಿಯ ಈ ಧಾರಾವಾಹಿ ಶುರುವಾದದ್ದು 1963ರ ನವೆಂಬರ್ 23, ಶನಿವಾರ ಸಂಜೆ. ಅದರ ಹಿಂದಿನ ದಿನವೇ ಅಮೆರಿಕದಲ್ಲಿ ಕೆನಡಿ ಹತ್ಯೆಯಾಗಿತ್ತು. ಎಲ್ಲರ ಗಮನ ಆ ಸುದ್ದಿಯ ಮೇಲೆಯೇ ಇತ್ತು. ಅದಕ್ಕೇ ಮುಂದಿನ ವಾರ ಮೊದಲ ಕಂತನ್ನು ಇನ್ನೊಮ್ಮೆ ಹಾಕಿ, ಅದರ ಬೆನ್ನಿಗೇ ಎರಡನೆಯದನ್ನು ತೋರಿಸಿದರು. ಡಾಕ್ಟರ್ ಬೇರೆ ಲೋಕದವನು. ಕಾಲದಲ್ಲಿ ಹಿಂದೆಯೂ ಹೋಗುತ್ತಾನೆ, ಮುಂದೆಯೂ ಹೋಗುತ್ತಾನೆ. ಅವನ ವಾಹನ ಟಾರ್ಡಿಸ್ ಹೊರಗಿನಿಂದ ನೋಡಿದರೆ ಒಂದು ನೀಲಿ ಪೊಲೀಸ್ ಪೆಟ್ಟಿಗೆ, ಒಳಗೆ ಹೋದರೆ ಅರಮನೆಯಷ್ಟು ಜಾಗ. ಸಾಯುವ ಹೊತ್ತು ಬಂದಾಗ ಅವನಿಗೆ ಹೊಸ ಮೈ, ಹೊಸ ಮುಖ ಬರುತ್ತದೆ.

50 ವರ್ಷ ತುಂಬಿದ ದಿನವೇ, 2013ರ ನವೆಂಬರ್ 23ಕ್ಕೆ, ಈ ವಿಶೇಷ ಕಂತು 94 ದೇಶಗಳಲ್ಲಿ ಒಂದೇ ಹೊತ್ತಿಗೆ ಪ್ರಸಾರವಾಗಿ ಗಿನ್ನೆಸ್ ದಾಖಲೆ ಆಯಿತು. ಲಂಡನ್ನಿನಲ್ಲಿ ಸಂಜೆ 7.50 ಆದರೆ ನಮ್ಮಲ್ಲಿ ಮಧ್ಯರಾತ್ರಿ ಕಳೆದು 1.20.

ಎಲ್ಲರೂ ಮಾತಾಡುವುದು ಮೂವರು ಡಾಕ್ಟರುಗಳು ಒಟ್ಟಾಗುವುದರ ಬಗ್ಗೆ. ಡೇವಿಡ್ ಟೆನಂಟ್, ಮ್ಯಾಟ್ ಸ್ಮಿತ್, ಜಾನ್ ಹರ್ಟ್. ಅದು ನನಗೂ ಇಷ್ಟವೇ. ಆದರೆ ನನ್ನ ಮನಸ್ಸು ಪ್ರತಿಸಲ ಹೋಗಿ ನಿಲ್ಲುವುದು ಬೇರೆ ಕಡೆ. ಝೈಗಾನ್ ಎಂಬ ಜೀವಿಗಳು ಇದರಲ್ಲಿ ಬರುತ್ತವೆ ಅಲ್ವಾ, ಯಾರ ರೂಪ ಬೇಕಾದರೂ ತಾಳುವವು. ಲಂಡನ್ ಗೋಪುರದ ಉಗ್ರಾಣದಲ್ಲಿ, ಅನ್ಯಲೋಕದವರನ್ನು ಎದುರಿಸುವ ಪಡೆಯ ಮುಖ್ಯಸ್ಥೆ ಕೇಟ್ ಸ್ಟುವರ್ಟ್ ಒಂದು ಕಡೆ, ಅವಳದೇ ರೂಪ ತಾಳಿದ ಝೈಗಾನ್ ಇನ್ನೊಂದು ಕಡೆ. ಅಲ್ಲಿರುವ ಆಯುಧಗಳು ಶತ್ರುವಿಗೆ ಸಿಗಬಾರದು ಅಂತ ಕೇಟ್ ಇಡೀ ಲಂಡನ್ನನ್ನೇ ಸುಡಲು ತಯಾರಾಗಿದ್ದಾಳೆ. ಗಡಿಯಾರದಲ್ಲಿ ಸೆಕೆಂಡುಗಳು ಇಳಿಯುತ್ತಿವೆ.

ಆಗ ಡಾಕ್ಟರುಗಳು ಒಂದು ಕೆಲಸ ಮಾಡುತ್ತಾರೆ. ಆ ಕೋಣೆಯಲ್ಲಿ ಇದ್ದವರ ನೆನಪನ್ನು ಸ್ವಲ್ಪ ಅಳಿಸುತ್ತಾರೆ. ತಾನು ಮನುಷ್ಯಳೋ ಝೈಗಾನೋ ಅಂತ ಯಾರಿಗೂ ಗೊತ್ತಿಲ್ಲದ ಹಾಗೆ. ಆಮೇಲೆ, ಈಗ ಕೂತು ಒಪ್ಪಂದ ಮಾಡಿ ಅನ್ನುತ್ತಾರೆ. ತಾನು ಯಾವ ಕಡೆಯವಳು ಅಂತಲೇ ಗೊತ್ತಿಲ್ಲದಾಗ ಎರಡೂ ಕಡೆಗೆ ಸರಿಯಾಗಿರುವ ಒಪ್ಪಂದವನ್ನೇ ಮಾಡಬೇಕಾಗುತ್ತದೆ.

ಗಡಿನಾಡಿನಲ್ಲಿ ಹುಟ್ಟಿದವಳಿಗೆ ಈ ದೃಶ್ಯ ಎಂತ ಮಾಡುತ್ತದೆ ಅಂತ ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ. 1956ರ ನವೆಂಬರ್ 1ಕ್ಕೆ ನಮ್ಮ ಊರು ದಕ್ಷಿಣ ಕನ್ನಡದಿಂದ ತಪ್ಪಿ ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತು. ಆ ವರದಿ ಜಾರಿಗೆ ಬರಲಿಲ್ಲ. ಗೆರೆ ಎಳೆಯುವ ಮೇಜಿನಲ್ಲಿ ಕೂತವರಿಗೆ ನಾಳೆ ಬೆಳಿಗ್ಗೆ ತಾವು ಗೆರೆಯ ಯಾವ ಬದಿಯಲ್ಲಿ ಏಳುತ್ತೇವೆ ಅಂತ ಗೊತ್ತಿಲ್ಲದೇ ಇದ್ದಿದ್ದರೆ? ನಾನು ಇದನ್ನು ಯಾವಾಗಲೂ ಯೋಚಿಸುತ್ತೇನೆ.

ನಿಮಗೆಲ್ಲ ಈ ಕಂತಿನಲ್ಲಿ ಯಾವುದು ಮುಖ್ಯ, ಬರೆಯಿರಿ.

ಉದ್ದಶಾಲು, ಉಪ್ಪಳ

ಟಾಮ್ ಬೇಕರ್. ಬೇರೆ ಮಾತೇ ಇಲ್ಲ.

ಕೊನೆಗೆ ಚಿತ್ರಶಾಲೆಯಲ್ಲಿ ಮ್ಯಾಟ್ ಸ್ಮಿತ್ ಒಬ್ಬನೇ ಕೂತಿರುತ್ತಾನೆ. ಹಿಂದಿನಿಂದ ಆ ದನಿ. ತಿರುಗಿ ನೋಡುವ ಮೊದಲೇ ನನಗೆ ಗೊತ್ತಾಯಿತು. 1974ರಿಂದ 1981ರವರೆಗೆ ಡಾಕ್ಟರ್ ಆಗಿದ್ದ ಮನುಷ್ಯ. ಟಿವಿಯಲ್ಲಿ ಅವರಷ್ಟು ವರ್ಷ ಆ ಪಾತ್ರದಲ್ಲಿ ಬೇರೆ ಯಾರೂ ಎಡೆಬಿಡದೆ ಇರಲಿಲ್ಲ. ಇಲ್ಲಿ ಬಂದಾಗ ಅವರಿಗೆ 79 ವರ್ಷ. ಕೋಲು ಹಿಡಿದುಕೊಂಡು ಬರುತ್ತಾರೆ, ಕಣ್ಣು ಮಾತ್ರ ಹಳೆಯದೇ. ನಾನು ಹುಟ್ಟುವ ಮೊದಲೇ ಅವರ ಕಾಲ ಮುಗಿದಿತ್ತು. ಆದರೂ ನನ್ನ ಡಾಕ್ಟರ್ ಅವರೇ.

ಚಂಡೆಪೆಟ್ಟು, ಬದಿಯಡ್ಕ

ಅಕ್ಕಾ, ನೀವು ಬರೆದದ್ದು ಓದಿ ಅಂಗಳಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತೆ. ನನ್ನ ಅನುಭವ ಹೇಳುತ್ತೇನೆ, ಉದ್ದ ಆಗಬಹುದು.

ನಾನು ಇದನ್ನು ಮೊದಲು ನೋಡಿದ್ದು ಅಜ್ಜನ ಜೊತೆ. ಅಡಿಕೆ ಒಣಗಲು ಹಾಕಿದ ಸಮಯ. ಅಕಾಲದಲ್ಲಿ ಮಳೆ ಬಂದರೆ ಟಾರ್ಪಲ್ ಎಳೆಯಬೇಕು, ಹಾಗಾಗಿ ಇಬ್ಬರೂ ಜಗಲಿಯಲ್ಲೇ ಮಲಗುತ್ತಿದ್ದೆವು. ನಿದ್ದೆ ಬರಲಿಲ್ಲ, ಲ್ಯಾಪ್‌ಟಾಪ್ ತೆಗೆದೆ. ಅಜ್ಜನಿಗೆ ಇಂಗ್ಲಿಷ್ ಬರುವುದಿಲ್ಲ. ಸುಮ್ನೆ ಪಕ್ಕದಲ್ಲಿ ಬಂದು ಕೂತರು. ಸ್ವಲ್ಪ ಹೊತ್ತು ನೋಡಿ, ‘ಈ ಮೂವರು ಯಾರು?’ ಅಂತ ಕೇಳಿದರು. ಮೂವರೂ ಒಬ್ಬನೇ ಅಜ್ಜ, ಬೇರೆ ಬೇರೆ ವಯಸ್ಸಿನವರು ಅಂದೆ. ಅಜ್ಜ ತಲೆ ಆಡಿಸಿದರು, ಅಷ್ಟೇ. ಮತ್ತೆ ಎಂತದೂ ಕೇಳಲಿಲ್ಲ.

ಅವರಿಗೆ ಅದು ಹೊಸತಾಗಿ ಕಾಣಲೇ ಇಲ್ಲ! ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಹತ್ತಿರದವರು, ಸಣ್ಣವರಿರುವಾಗಿನಿಂದ ಬಯಲಾಟ ನೋಡಿ ಬೆಳೆದವರು. ಒಂದೇ ರಾತ್ರಿಯ ಆಟದಲ್ಲಿ ಬಾಲಕೃಷ್ಣನ ವೇಷ ಒಬ್ಬ ಮಾಡುತ್ತಾನೆ, ಕಂಸನನ್ನು ಕೊಲ್ಲುವ ಕೃಷ್ಣನ ವೇಷ ಇನ್ನೊಬ್ಬ. ನೋಡುವವರಿಗೆ ಕೃಷ್ಣ ಒಬ್ಬನೇ. ಕಿರೀಟ ಅದೇ, ಕುಣಿತ ಮಾತ್ರ ಆಯಾ ಕಲಾವಿದನದು. ಡಾಕ್ಟರನ ಮುಖ ಬದಲಾಗುವುದು ಅಜ್ಜನಿಗೆ ಅಷ್ಟೇ ಸಹಜ.

ಆಮೇಲೆ ಆ ಕೊಟ್ಟಿಗೆಯ ದೃಶ್ಯ ಬಂತು. ಯುದ್ಧ ನಿಲ್ಲಿಸಬೇಕಾದರೆ ಜಾನ್ ಹರ್ಟ್ ತನ್ನ ಸ್ವಂತ ಲೋಕವನ್ನೇ ಸುಡಬೇಕು, ಅಲ್ಲಿರುವ ಮಕ್ಕಳನ್ನೂ ಸೇರಿಸಿ. ಕೆಂಪು ಗುಂಡಿ ಮುಂದೆ ಇದೆ. ಅವನು ಒಬ್ಬನೇ. ಆಗ ಮುಂದಿನ ಕಾಲದ ಇಬ್ಬರು ಬರುತ್ತಾರೆ. ತಡೆಯಲು ಬಂದವರಲ್ಲ. ಈ ಪಾಪ ಒಬ್ಬನ ತಲೆ ಮೇಲೆ ಬೀಳಬಾರದು ಅಂತ ತಾವೂ ಕೈ ಇಡುತ್ತಾರೆ. ಅಷ್ಟು ವರ್ಷ ಇವನನ್ನು ದೂರ ಇಟ್ಟವರು, ಡಾಕ್ಟರ್ ಅನ್ನುವ ಹೆಸರನ್ನೂ ಇವನಿಗೆ ಕೊಡದವರು. ನಾನು ಅರ್ಥ ಹೇಳಲಿಕ್ಕೆ ಬಾಯಿ ತೆರೆದೆ. ಅಜ್ಜ ಕೈ ಎತ್ತಿ ಬೇಡ ಅಂದರು. ಮೂರು ಕೈ ಒಟ್ಟಿಗೆ ಇರುವುದನ್ನು ನೋಡಿದರೆ ಸಾಕಿತ್ತು.

ಅಲ್ಲಿಂದ ಅವರು ಮನಸ್ಸು ಬದಲಾಯಿಸಿ, ಸುಡುವ ಬದಲು ಊರನ್ನೇ ಒಂದು ಚಿತ್ರದ ಹಾಗೆ ಕಾಲದೊಳಗೆ ಅಡಗಿಸಿಡುತ್ತಾರಲ್ಲ, ಅದು ಅಜ್ಜನಿಗೆ ತುಂಬಾ ಹಿಡಿಸಿತು. ಹಳೆಯ ಡಾಕ್ಟರುಗಳೂ ಎಲ್ಲರೂ ಬರುತ್ತಾರೆ, ಇನ್ನೂ ಬರಬೇಕಾದ ಪೀಟರ್ ಕಪಾಲ್ಡಿಯ ಕಣ್ಣೂ ಒಂದು ಕ್ಷಣ ಕಾಣುತ್ತದೆ. ಒಟ್ಟು 13. ಆದರೆ ಜಾನ್ ಹರ್ಟ್‌ಗೆ ಈ ನೆನಪು ಉಳಿಯುವುದಿಲ್ಲ. ಊರನ್ನು ಉಳಿಸಿಯೂ, ಸುಟ್ಟೆ ಅಂತಲೇ ನೂರಾರು ವರ್ಷ ಕೊರಗಬೇಕು. ಅದನ್ನು ಹೇಳಿದಾಗ ಅಜ್ಜ, ‘ಛೆ, ಪಾಪ’ ಅಂದರು. ಆ ದನಿ ಇವತ್ತಿಗೂ ಕಿವಿಯಲ್ಲಿ ಉಂಟು.

ನಿವೃತ್ತ ಮಾಷ್ಟ್ರು, ಮಂಜೇಶ್ವರ

ಚಂಡೆಪೆಟ್ಟು ಬರೆದದ್ದನ್ನು ಮನೆಯವರಿಗೂ ಓದಿ ಹೇಳಿದೆ.

ಹಳೆಯ ವಿಶೇಷ ಕಂತುಗಳ ಬಗ್ಗೆ ಯಾರಾದರೂ ಬರೆಯಬೇಕಲ್ಲ, ನಾನೇ ಬರೆಯುತ್ತೇನೆ. ಡಾಕ್ಟರುಗಳನ್ನು ಒಟ್ಟು ಸೇರಿಸುವ ಪದ್ಧತಿ ಶುರುವಾದದ್ದು ಹತ್ತನೇ ವರ್ಷಕ್ಕೆ, ‘ದಿ ತ್ರೀ ಡಾಕ್ಟರ್ಸ್’ನಲ್ಲಿ. 1972ರ ಡಿಸೆಂಬರ್ 30ಕ್ಕೆ ಮೊದಲ ಭಾಗ ಬಂತು. ಮೊದಲ ಡಾಕ್ಟರ್ ವಿಲಿಯಂ ಹಾರ್ಟ್‌ನೆಲ್‌ಗೆ ಆಗ ಮೈಯಲ್ಲಿ ಸ್ವಸ್ಥ ಇರಲಿಲ್ಲ. ಉಳಿದವರ ಜೊತೆ ನಿಂತು ನಟಿಸಲು ಆಗದೆ, ಕೂತಲ್ಲಿಂದಲೇ ಪರದೆಯಲ್ಲಿ ಮಾತಾಡುವ ಹಾಗೆ ಬರೆದರು. 1975ರಲ್ಲಿ ಅವರು ತೀರಿಕೊಂಡರು. ಆದ್ದರಿಂದ 1983ರ ‘ದಿ ಫೈವ್ ಡಾಕ್ಟರ್ಸ್’ನಲ್ಲಿ ಅವರ ಪಾತ್ರವನ್ನು ರಿಚರ್ಡ್ ಹರ್ನ್‌ಡಾಲ್ ಮಾಡಿದರು. ಉದ್ದಶಾಲು, ನಿಮ್ಮ ಟಾಮ್ ಬೇಕರ್ ಆ ಸಲ ಬರಲು ಒಪ್ಪಲಿಲ್ಲ. ಅರ್ಧಕ್ಕೆ ನಿಂತಿದ್ದ ಒಂದು ಹಳೆಯ ಕಥೆಯ ತುಣುಕು ಹಾಕಿ ಅವರ ಜಾಗ ತುಂಬಿಸಿದರು. ಹಾಗಾಗಿ 2013ರಲ್ಲಿ ಅವರು ನಡೆದುಕೊಂಡು ಬಂದದ್ದು 30 ವರ್ಷ ತಡವಾಗಿ ತೀರಿಸಿದ ಒಂದು ಬಾಕಿ ಅಂತ ನನಗೆ ಅನಿಸುತ್ತದೆ.

2013ರಲ್ಲೂ ಒಬ್ಬರು ಬರಲಿಲ್ಲ, ಕ್ರಿಸ್ಟೋಫರ್ ಎಕ್ಲಸ್ಟನ್. 2005ರಲ್ಲಿ ಈ ಧಾರಾವಾಹಿ ಮತ್ತೆ ಶುರುವಾದಾಗ ಡಾಕ್ಟರ್ ಆದವರು ಅವರೇ. ಅವರು ಇಲ್ಲ ಅಂದ ಕಾರಣ ಈ ಕಂತಿನ ಕಥೆಗಾರ ಸ್ಟೀವನ್ ಮೊಫಾಟ್ ಜಾನ್ ಹರ್ಟ್ ಪಾತ್ರವನ್ನು ಹೊಸತಾಗಿ ಬರೆದರು. ಯುದ್ಧದಲ್ಲಿ ದಣಿದ, ಯಾರೂ ಹೆಸರೆತ್ತದ ಆ ಮುದುಕ ನಮಗೆ ಸಿಕ್ಕಿದ್ದು ಹಾಗೆ.

ಇನ್ನೊಂದು ವಿಷಯ ನಮ್ಮವರಿಗೆ ಗೊತ್ತಿರಬೇಕು. 1963ರ ಮೊಟ್ಟಮೊದಲ ಕಥೆಯನ್ನು ನಿರ್ದೇಶಿಸಿದ್ದು ವಾರಿಸ್ ಹುಸೇನ್, ಲಖನೌದಲ್ಲಿ ಹುಟ್ಟಿದವರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಆಗ 27 ವರ್ಷ. ಒಬ್ಬ ಭಾರತೀಯ ಯುವಕ, ಒಬ್ಬ ಯುವತಿ. ಆ ಕಾಲದ ಬಿಬಿಸಿಯ ದೊಡ್ಡವರ ನಡುವೆ ಇಬ್ಬರೂ ಹೊರಗಿನವರೇ. 50ನೇ ವರ್ಷಕ್ಕೆ ಬಂದ ‘ಆ್ಯನ್ ಅಡ್ವೆಂಚರ್ ಇನ್ ಸ್ಪೇಸ್ ಆ್ಯಂಡ್ ಟೈಮ್’ ಇವರ ಕಥೆಯನ್ನೇ ಹೇಳುತ್ತದೆ. ವಿಶೇಷ ಕಂತಿಗಿಂತ ಮೊದಲು ಅದನ್ನು ನೋಡಿ.

ಕೊನೆಯದಾಗಿ ಒಂದು ಬೇಸರದ ಮಾತು. ಆ ಕಾಲದಲ್ಲಿ ಟೇಪು ದುಬಾರಿ, ಜಾಗ ಕಡಿಮೆ. ಇನ್ನು ಇದನ್ನು ಯಾರು ನೋಡುತ್ತಾರೆ ಅಂತ ಹಳೆಯ ಕಂತುಗಳನ್ನು ಅಳಿಸಿಬಿಟ್ಟರು. 1960ರ ದಶಕದ 90ಕ್ಕೂ ಹೆಚ್ಚು ಕಂತುಗಳ ಚಿತ್ರ ಇವತ್ತಿಗೂ ಸಿಕ್ಕಿಲ್ಲ. ಆದರೆ ಅವುಗಳ ಧ್ವನಿ ಪೂರ್ತಿ ಉಳಿದಿದೆ. ಯಾಕೆ ಗೊತ್ತಾ? ಕೆಲವು ಹುಡುಗರು ಮನೆಯಲ್ಲಿ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಕಂತು ಕಂತಾಗಿ ರೆಕಾರ್ಡ್ ಮಾಡಿಟ್ಟಿದ್ದರು.

ನಮ್ಮ ಮನೆಯ ಅಟ್ಟದಲ್ಲೂ ಒಂದು ಬಿಸ್ಕತ್ತಿನ ಡಬ್ಬ ತುಂಬ ತಾಳಮದ್ದಳೆಯ ಕ್ಯಾಸೆಟ್ ಇದೆ. ವೇದಿಕೆಯ ಕಂಬಕ್ಕೆ ಒರಗಿ ಕೂತು, ರಾತ್ರಿಯಿಡೀ ನಾನೇ ರೆಕಾರ್ಡ್ ಮಾಡಿದ್ದು. ಪ್ರತಿ ಕ್ಯಾಸೆಟ್ಟಿನ ಮೇಲೆ ಪ್ರಸಂಗದ ಹೆಸರು, ಊರು, ತಾರೀಕು ನೀಲಿ ಶಾಯಿಯಲ್ಲಿ ಬರೆದಿದ್ದೇನೆ. ಕೆಲವದರ ಶಾಯಿ ಹರಡಿ ಊರು ಓದಲಾಗುವುದಿಲ್ಲ. ಅದರಲ್ಲಿ ಅರ್ಥ ಹೇಳಿದವರಲ್ಲಿ ಹಲವರು ಈಗ ಇಲ್ಲ.

ಬೆಟ್ಟದಹಳ್ಳಿ, ತಾಳವಾಡಿ

ಎಲ್ಲರಿಗೂ ನಮಸ್ಕಾರ. ನಾವು ತಮಿಳುನಾಡಿನ ಕಡೆಯವರು, ಈರೋಡು ಜಿಲ್ಲೆ. ಮನೆಯಲ್ಲಿ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ತಮಿಳು.

ನೀಲಿಪೆಟ್ಟಿಗೆ ಅಕ್ಕ ಹೇಳಿದ ಆ ಮೇಜಿನ ದೃಶ್ಯದಲ್ಲಿ ಒಂದು ಸಣ್ಣ ಸಂಗತಿ ಇದೆ, ಗಮನಿಸಿದ್ದೀರಾ? ಆಸ್‌ಗುಡ್ ಅನ್ನುವ ಹುಡುಗಿ ಮತ್ತು ಅವಳ ರೂಪದ ಝೈಗಾನ್. ನೆನಪು ಅಳಿಸಿದ ಮೇಲೆ ಇಬ್ಬರಿಗೂ ತಾವು ಯಾರು ಅಂತ ಗೊತ್ತಿಲ್ಲ. ಒಬ್ಬಳಿಗೆ ಉಸಿರು ಕಟ್ಟುತ್ತದೆ, ಇನ್ನೊಬ್ಬಳು ಇನ್‌ಹೇಲರ್ ಕೊಡುತ್ತಾಳೆ. ಆ ಒಂದು ಕ್ಷಣದಲ್ಲಿ ಇಬ್ಬರಿಗೂ ತಿಳಿದುಹೋಗುತ್ತದೆ. ಆದರೂ ಹೇಳಬೇಡ ಅಂತ ಬಾಯಿ ಮೇಲೆ ಬೆರಳು. ನಾನು ಆ ಹುಡುಗಿಯರಿಗಾಗಿಯೇ ಮತ್ತೆ ಮತ್ತೆ ನೋಡುತ್ತೇನೆ.

ನಾನು ಬಂದದ್ದು 60ನೇ ವರ್ಷದ ವಿಶೇಷ ಕಂತುಗಳ ಪರವಾಗಿ ಮಾತಾಡಲಿಕ್ಕೆ. 2023ರ ನವೆಂಬರ್ 25, ಡಿಸೆಂಬರ್ 2, ಡಿಸೆಂಬರ್ 9. ಮೂರು ಶನಿವಾರ, ಮೂರು ಕಂತು. ಟೆನಂಟ್ ವಾಪಸ್, ಡಾಕ್ಟರನ ಹಳೆಯ ಜೊತೆಗಾತಿ ಡೊನ್ನಾ ಆಗಿ ಕ್ಯಾಥರೀನ್ ಟೇಟ್ ವಾಪಸ್. ಮೊದಲನೆಯದು ಶುರುವಾದದ್ದು ನಮಗೆ ಸರಿಯಾಗಿ ರಾತ್ರಿ 12ಕ್ಕೆ. ನಮ್ಮ ಬೆಟ್ಟದಲ್ಲಿ ಸಿಗ್ನಲ್ ಸಿಗುವುದು ಮನೆಯ ಹಿಂದಿನ ಕಲ್ಲಿನ ಮೇಲೆ ಮಾತ್ರ. ಕಂಬಳಿ ಹೊದ್ದು ಅಲ್ಲೇ ಕೂತು ನೋಡಿದೆ. ಡೊನ್ನಾಗೆ ತಾನು ಯಾರಾಗಿದ್ದೆ ಅಂತ ನೆನಪು ಮರಳಿದಾಗ ಅತ್ತುಬಿಟ್ಟೆ. 2008ರಲ್ಲಿ ಅವಳ ನೆನಪು ಅಳಿಸಿದ್ದು ನನಗೆ ಅಷ್ಟು ವರ್ಷ ನೋವು ಕೊಟ್ಟಿತ್ತು.

ಎರಡನೆಯದು, ‘ವೈಲ್ಡ್ ಬ್ಲೂ ಯಾಂಡರ್’, ಅದರ ಕೊನೆಯಲ್ಲಿ ಬರ್ನಾರ್ಡ್ ಕ್ರಿಬಿನ್ಸ್ ಗಾಲಿಕುರ್ಚಿಯಲ್ಲಿ ಕೂತು ನಗುತ್ತಾರೆ. ಡೊನ್ನಾಳ ತಾತನ ಪಾತ್ರ. ಅದು ಪ್ರಸಾರವಾಗುವ ಹೊತ್ತಿಗೆ ಅವರು ತೀರಿಹೋಗಿ ಒಂದು ವರ್ಷ ದಾಟಿತ್ತು.

ಬಿಳಿಜೋಳ, ಜತ್ತ

ಸಾಂಗ್ಲಿ ಜಿಲ್ಲೆಯಿಂದ ಬರೀತಿದ್ದೇನೆ. ತಾಳವಾಡಿಯವರೇ, ಎರಡನೇ ಕಂತು ನನಗೂ ಬಹಳ ಸೇರಿತು. ಖಾಲಿ ಹಡಗು, ಇಬ್ಬರೇ ಜನ, ಅವರದೇ ರೂಪದ ಇನ್ನಿಬ್ಬರು. ಅಷ್ಟರಲ್ಲೇ ಎದೆ ನಡುಗಿಸಿದರು.

ಮೂರನೆಯದರಲ್ಲಿ ನನ್ನ ತಕರಾರು ಇದೆ. ಡಾಕ್ಟರ್ ಸಾಯುವಾಗ ಹೊಸ ಮುಖ ಬರಬೇಕು, ಹಳೆಯದು ಹೋಗಬೇಕು. 1966ರಲ್ಲಿ ಹಾರ್ಟ್‌ನೆಲ್ ಹೋಗಿ ಪ್ಯಾಟ್ರಿಕ್ ಟ್ರೌಟನ್ ಬಂದಾಗಿನಿಂದ ಅದು ನಡೆದುಕೊಂಡು ಬಂದದ್ದು. ಆ ನಷ್ಟವೇ ಈ ಧಾರಾವಾಹಿಯ ಜೀವ. ‘ದಿ ಗಿಗಲ್’ನಲ್ಲಿ ಏನು ಮಾಡಿದರು? ಒಬ್ಬ ಸೀಳಿ ಇಬ್ಬರಾದರು. ಹೊಸ ಡಾಕ್ಟರ್ ಶೂಟಿ ಗಟ್ವಾ ಪೆಟ್ಟಿಗೆ ಹತ್ತಿ ಹೋದ, ಟೆನಂಟ್ ಇಲ್ಲೇ ಉಳಿದ. ಯಾರೂ ಹೋಗಲೇ ಇಲ್ಲ. ಹೊಸಬನಿಗೆ ರಂಗ ಪೂರ್ತಿ ಬಿಟ್ಟುಕೊಡಬೇಕಿತ್ತು. ಗಟ್ವಾ ಅಷ್ಟು ಒಳ್ಳೆ ನಟ, ಬಂದ ಮೊದಲ ನಿಮಿಷಕ್ಕೇ ತೋರಿಸಿಕೊಟ್ಟ. ಅವನಿಗೆ ಅನ್ಯಾಯ ಆಯಿತು ಅಂತ ನನ್ನ ಅಭಿಪ್ರಾಯ.

ಬೆಟ್ಟದಹಳ್ಳಿ, ತಾಳವಾಡಿ

ಅಣ್ಣಾ, ನಾನು ಒಪ್ಪುವುದಿಲ್ಲ. 60 ವರ್ಷ ಓಡಿದವನು ಒಮ್ಮೆ ಕೂತು ಊಟ ಮಾಡಿದ. ಕೊನೆಗೆ ಅಂಗಳದಲ್ಲಿ ಮೇಜು ಹಾಕಿ ಎಲ್ಲರೂ ಉಣ್ಣುತ್ತಾರಲ್ಲ, ಆ ನೆಮ್ಮದಿ ಅವನಿಗೆ ಸಿಗಬಾರದಿತ್ತಾ? ಹಳಬನು ದಣಿವಾರಿಸಿಕೊಂಡ ಕಾರಣಕ್ಕೇ ಹೊಸಬ ಹಗುರವಾಗಿ ಬಂದ ಅಂತ ಕಥೆಯೇ ಹೇಳುತ್ತದೆ.

ಬಿಳಿಜೋಳ, ಜತ್ತ

ಆ ಊಟದ ದೃಶ್ಯ ನನಗೂ ಬೇಕಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಬೆಲೆ ಕೊಡದೆ ಸಿಕ್ಕಿತು ಅನ್ನುವುದು ನನ್ನ ಮಾತು. 50ರದ್ದನ್ನು ನೋಡಿ. ಊರು ಉಳಿಯಿತು, ಆದರೆ ಜಾನ್ ಹರ್ಟ್ ಅದನ್ನು ಮರೆಯಬೇಕಾಯಿತು. ಅಜ್ಜ ‘ಪಾಪ’ ಅಂದದ್ದು ಅದಕ್ಕೇ ಅಲ್ವಾ?

ನೀಲಿಪೆಟ್ಟಿಗೆ, ಕುಂಬಳೆ

ಜತ್ತದ ಅಣ್ಣ ಹೇಳಿದ್ದರಲ್ಲಿ ತೂಕ ಉಂಟು. ನಾನೂ 50ರ ಕಡೆಗೇ. ಆದರೆ ತಾಳವಾಡಿ ತಂಗಿ ಕಂಬಳಿ ಹೊದ್ದು ಕಲ್ಲಿನ ಮೇಲೆ ಕೂತು ನೋಡಿದ್ದನ್ನು ಓದಿದ ಮೇಲೆ 60ರದ್ದನ್ನು ಇನ್ನೊಮ್ಮೆ ನೋಡಬೇಕು ಅನಿಸಿತು.

ಗಡಿಯ ಮಾತು ಬಂದ ಕಾರಣ ಒಂದು ಕಂತಿನ ಹೆಸರು ಹೇಳಲೇಬೇಕು. ವಾರ್ಷಿಕೋತ್ಸವದ್ದಲ್ಲ, 2018ರ ‘ಡೀಮನ್ಸ್ ಆಫ್ ದ ಪಂಜಾಬ್’. ಬರೆದವರು ವಿನಯ್ ಪಟೇಲ್. 1947ರ ಆಗಸ್ಟ್, ದೇಶ ವಿಭಜನೆಯ ದಿನಗಳು. ಹಿಂದೂ ಹುಡುಗ, ಮುಸ್ಲಿಂ ಹುಡುಗಿ, ಇಬ್ಬರ ಮನೆಗಳ ನಡುವೆ ಹೊಸ ಗಡಿ. ಮದುವೆಯಲ್ಲಿ ಇಬ್ಬರ ಕೈಗೂ ಒಂದು ಹಗ್ಗ ಸುತ್ತುತ್ತಾರೆ. ಹಿಂದಿನ ದಿನ ಹೊಲಗಳ ನಡುವೆ ಗಡಿ ಗುರುತಿಸಿದ್ದ ಹಗ್ಗ ಅದು! ನಮಗೆ ಆದದ್ದು ಆ ರಕ್ತಪಾತದ ಮುಂದೆ ಏನೂ ಅಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಆದರೂ ಆ ಹಗ್ಗ ನೋಡಿದಾಗ ತಲಪಾಡಿಯ ಗಡಿ ದಾಟುವಾಗಿನ ನೆನಪು ಬಂತು. ಮಂಗಳೂರಿನ ಆಸ್ಪತ್ರೆಗೆ ಅಮ್ಮನನ್ನು ಕರೆದುಕೊಂಡು ಹೋಗುವಾಗೆಲ್ಲ ಅಲ್ಲಿ ಬಸ್ಸು ನಿಧಾನ ಆಗುತ್ತದೆ, ಅಮ್ಮ ಕಣ್ಣು ತೆರೆದು ‘ಗಡಿ ಬಂತಾ?’ ಅಂತ ಕೇಳುತ್ತಾರೆ.

ಮಾಷ್ಟ್ರೇ, ನಿಮ್ಮ ಕ್ಯಾಸೆಟ್ಟುಗಳ ಡಬ್ಬ ನನ್ನ ತಲೆಯಿಂದ ಹೋಗುತ್ತಿಲ್ಲ. ಮಳೆಗಾಲ ಬರುವುದರೊಳಗೆ ಅದನ್ನು ಅಟ್ಟದಿಂದ ಇಳಿಸಿ. ಟೇಪಿಗೆ ಬೂಸುರು ಹಿಡಿದರೆ ಆಮೇಲೆ ಕಷ್ಟ.

ಚಂಡೆಪೆಟ್ಟು, ಬದಿಯಡ್ಕ

ಮಾಷ್ಟ್ರೇ, ನನ್ನ ಹತ್ತಿರ ಒಳ್ಳೆ ಟೇಪ್ ಡೆಕ್ ಇದೆ, ಕಂಪ್ಯೂಟರಿಗೆ ಸೇರಿಸುವ ವಯರ್ ಕೂಡ ಇದೆ. ನಾನು ಮಾಡಿಕೊಡುತ್ತೇನೆ. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷ ಬೇಕೇ ಬೇಕು, ಬೇಗ ಓಡಿಸುವ ಹಾಗಿಲ್ಲ. ಆದರೂ ತೊಂದರೆ ಇಲ್ಲ, ನಾನು ರಾತ್ರಿ ಕೂರುತ್ತೇನೆ.

ಟೇಪಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಡಾಕ್ಟರ್ ಹೂ ಶೀರ್ಷಿಕೆ ಸಂಗೀತದ ರಾಗ ರಾನ್ ಗ್ರೇನರ್ ಅವರದು. ಅದನ್ನು ನಾವು ಕೇಳುವ ಹಾಗೆ ಮಾಡಿದ್ದು ಡೀಲಿಯಾ ಡರ್ಬಿಶೈರ್. ಸಿಂಥಸೈಜರ್ ಇಲ್ಲದ ಕಾಲ. ಒಂದೊಂದು ಸ್ವರವನ್ನೂ ಬೇರೆ ಬೇರೆ ಟೇಪಿನಲ್ಲಿ ಹಿಡಿದು, ಅಳತೆ ಮಾಡಿ ಕತ್ತರಿಸಿ, ಅಂಟಿಸಿದರು. ಟಾರ್ಡಿಸ್ ಏಳುವಾಗ ಬರುವ ಆ ಗರಗರ ಸದ್ದು ಬ್ರಯಾನ್ ಹಾಜ್‌ಸನ್ ಮಾಡಿದ್ದು. ಹಳೆಯ ಪಿಯಾನೋದ ತಂತಿಯ ಮೇಲೆ ಮನೆಯ ಬೀಗದ ಕೈ ಎಳೆದು! ಚಂಡೆ ಕಲಿಯುವಾಗ ನಾನು ಅದನ್ನು ತುಂಬಾ ಯೋಚಿಸಿದ್ದೇನೆ. ಒಂದು ಕೀಲಿಕೈ, ಒಂದು ತಂತಿ, ಅಷ್ಟರಿಂದ 50 ವರ್ಷಕ್ಕೂ ಹೆಚ್ಚು ಕಾಲ ಮಕ್ಕಳ ರೋಮ ನಿಲ್ಲಿಸುವ ಸದ್ದು.

ಉದ್ದಶಾಲು, ಉಪ್ಪಳ

ಮಾಷ್ಟ್ರೇ, ಟಾಮ್ ಬೇಕರ್ 1983ರಲ್ಲಿ ಬರದ ವಿಷಯ ನನಗೆ ಗೊತ್ತಿತ್ತು, ಆದರೆ ‘ಬಾಕಿ’ ಅನ್ನುವ ನಿಮ್ಮ ಮಾತು ಓದಿದ ಮೇಲೆ ಕೊನೆಯ ದೃಶ್ಯ ಮತ್ತೆ ಹಾಕಿ ನೋಡಿದೆ. ಅವರು ಮ್ಯಾಟ್ ಸ್ಮಿತ್ ಪಕ್ಕ ನಿಂತು ಮೂಗಿನ ಮೇಲೆ ಬೆರಳಿಡುವ ಹೊತ್ತಿಗೆ ನನಗೆ ತಡೆಯಲು ಆಗಲಿಲ್ಲ.

ನಿವೃತ್ತ ಮಾಷ್ಟ್ರು, ಮಂಜೇಶ್ವರ

ಡಬ್ಬ ಇಳಿಸಿದೆ. ಎಣಿಸಿದೆ, 41 ಇದೆ. ಎರಡರ ಟೇಪು ಹೊರಗೆ ಬಂದಿದೆ, ಪೆನ್ಸಿಲ್ ಹಾಕಿ ತಿರುಗಿಸಿ ಒಳಗೆ ಸೇರಿಸಿದ್ದೇನೆ. ಭಾನುವಾರ ಬಸ್ಸಿಗೆ ಬದಿಯಡ್ಕಕ್ಕೆ ಬರುತ್ತೇನೆ. ಆ ಅಜ್ಜ ಮನೆಯಲ್ಲಿ ಇರುತ್ತಾರಾ?

ಚಂಡೆಪೆಟ್ಟು, ಬದಿಯಡ್ಕ

ಇರುತ್ತಾರೆ ಮಾಷ್ಟ್ರೇ. ಈಗ ಕಣ್ಣು ಸ್ವಲ್ಪ ಮಂಜು, ಕಿವಿ ಚೆನ್ನಾಗಿ ಕೇಳುತ್ತದೆ. ನೀವು ಬರುವ ವಿಷಯ ಹೇಳಿದೆ. ಶಾಯಿ ಹರಡಿದ ಕ್ಯಾಸೆಟ್ಟುಗಳನ್ನು ಮೊದಲು ಹಾಕಲಿಕ್ಕೆ ಹೇಳಿದ್ದಾರೆ. ಭಾಗವತರ ದನಿ ಕೇಳಿದರೆ ಯಾವ ಊರಿನ ಕೂಟ ಅಂತ ಹೇಳುತ್ತಾರಂತೆ.